ಅಗ್ನಿಶಿಖೆಯ ಕಳವು

ಅಮ್ಮಿನಬಾವಿಯಿಂದ ಹೆಬ್ಬಳ್ಳಿಗೆ ಹೊರಟವಳು ದಾರಿ ತಪ್ಪಿ, ಹೊಲದ ಬೇಲಿ ಬಳಿ ನಿಂತಿದ್ದ ಹೆಂಗಸೊಬ್ಬಳನ್ನು ಕೇಳಿದೆ. ಆಕೆ ಕೈಮಾಡಿ ದಾರಿ ತೋರಿಸಿದಳು; ನನ್ನ ಕಣ್ಣು ಮಾತ್ರ ಬೇಲಿಯ ಮೇಲಿತ್ತು. ಒಣಗುತ್ತಿದ್ದ ಬಳ್ಳಿಯಲ್ಲಿ ಒಂದೇ ಒಂದು ಅಗ್ನಿಶಿಖೆ ಹೂವು ಉಳಿದಿತ್ತು. ನರ್ಸರಿಯಿಂದ ಎಷ್ಟು ಸಲ ತಂದು ನೆಟ್ಟರೂ ನನ್ನ ಹಿತ್ತಲಲ್ಲಿ ಬದುಕದ ಹೂವು ಅದು.

“ಅಕ್ಕಾರ, ಒಂದು ಗಡ್ಡಿ ಕೊಡ್ತೀರೇನ್ರಿ?”

“ಕೊಡಂಗಿಲ್ರಿ. ಕೈಯಾರೆ ಕೊಟ್ಟ ಗಡ್ಡಿ ಬದುಕಂಗಿಲ್ಲ, ಕದ್ದದ್ದಷ್ಟ ಚಿಗೀತೈತಿ,” ಎಂದವಳೇ ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಪಿಯನ್ನು ನನ್ನ ಕಾಲ ಬಳಿ ಇಟ್ಟು, ಬೆನ್ನು ತಿರುಗಿಸಿ ನಿಂತಳು.

ದೇಶದೇಶ ಸುತ್ತಿದ ನನಗೂ ಇಂಥ ಕಳ್ಳತನ ಹೊಸದು. ನಗಬೇಕೋ ಹೊರಡಬೇಕೋ ತಿಳಿಯದೆ ಅಗೆಯತೊಡಗಿದೆ. ಅಷ್ಟರಲ್ಲಿ ಆಕೆಯ ಗಂಡ ಓಡಿಬಂದ. ಸಿಕ್ಕಿಬಿದ್ದೆ ಅಂದುಕೊಂಡೆ.

“ಹಂಗ ಜಗ್ಗಬ್ಯಾಡ್ರಿ! ತುದಿ ಮುರದ್ರ ಗಡ್ಡಿ ಚಿಗಿಯಂಗಿಲ್ಲ!” ಅಂದವನು ತಾನೂ ಬೆನ್ನು ತಿರುಗಿಸಿದ.

ಗಡ್ಡೆಯನ್ನು ಚೀಲಕ್ಕೆ ಹಾಕಿ ಥ್ಯಾಂಕ್ಸ್ ಅಂದೆ.

“ಕಳ್ಳರು ಹಂಗ ಅಂತಾರೇನ್ರಿ?” ಆಕೆ ನಕ್ಕಳು. “ನಿಮ್ಮ ಹಿತ್ತಲಾ ಎಲ್ಲೈತಿ, ಅಷ್ಟ ಹೇಳ್ರಿ ಸಾಕು.”

ಮುಂದಿನ ಮಳೆಗಾಲ ನನ್ನ ಬಳ್ಳಿ ಹೂಬಿಟ್ಟಾಗ ಗಂಡಹೆಂಡಿರು ಧಾರವಾಡದ ನನ್ನ ಮನೆಗೆ ಬಂದರು. ಚಹಾ ಕೊಟ್ಟು, ಒಳಗೆ ಕೆಲಸವಿದೆ ಎಂದು ನೆಪ ಹೇಳಿ ಅಡುಗೆಮನೆ ಸೇರಿದೆ. ಹೊರಬಂದಾಗ ಅವರೂ ಇರಲಿಲ್ಲ, ಹಿತ್ತಲಲ್ಲಿದ್ದ ದುಂಡುಮಲ್ಲಿಗೆಯ ಕುಂಡವೂ ಇರಲಿಲ್ಲ. ಗಿಡ ಗಡ್ಡೆಯ ಸಾಲಕ್ಕೆ ಹೋಯಿತು, ಕುಂಡ ಬಡ್ಡಿಗಿರಬೇಕು.