ಹಚ್ಯಾನ ಪಾಲಿನ ರೊಟ್ಟಿ

ಪರಾತದಲ್ಲಿ ನಾದಿದ ಜೋಳದ ಹಿಟ್ಟು ಮುಗಿಯುತ್ತ ಬಂದಾಗ ಅಂಚಿಗೆ ಅಂಟಿದ್ದನ್ನೆಲ್ಲ ಬೆರಳಿನಿಂದ ಬಳಿದು, ಕೂಡಿಸಿ, ತಟ್ಟಿ ಹೆಂಚಿಗೆ ಹಾಕುವ ಕೊನೆಯ ರೊಟ್ಟಿಯೊಂದಿರುತ್ತದಲ್ಲ, ಅದು ನಿಮಗೂ ಗೊತ್ತಿರಬೇಕು. ಅಂಗೈಗಿಂತ ತುಸು ದೊಡ್ಡದು, ದುಂಡಗಿರಲೇಬೇಕೆಂಬ ಹಟವಿಲ್ಲದ್ದು, ಆದರೆ ಹೆಂಚು ಹದವಾಗಿ ಕಾದ ಮೇಲೆ ಬೀಳುವುದರಿಂದ ಉಳಿದೆಲ್ಲವುಗಳಿಗಿಂತ ಗರಿಗರಿಯಾದದ್ದು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮದುವೆಯಾದಂದಿನಿಂದ ಆ ರೊಟ್ಟಿ ನನ್ನದಾಗಿತ್ತು. ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿ, ನಡುವೆ ಕುಳಿ ಮಾಡಿ ಎಣ್ಣೆ ಬಿಟ್ಟು, ಒಲೆಯ ಪಕ್ಕದಲ್ಲೇ ನಿಂತು ತಿಂದು, ಕಿಲ್ಲಾ ರಸ್ತೆಯ ನನ್ನ ಬಟ್ಟೆ ಅಂಗಡಿಯ ಬೀಗ ತೆಗೆಯಲು ಹೊರಡುತ್ತಿದ್ದೆ. ಈಗ ಅದನ್ನು ನಾಯಿ ತಿನ್ನುತ್ತದೆ.

ನಾಯಿಯ ಮೇಲೆ ಹೊಟ್ಟೆಕಿಚ್ಚೇ ಎಂದು ನೀವು ನಗಬಹುದು, ನಗಿ. ಆದರೆ ಮೊದಲಿಗೆ ನನಗೆ ಹೊಟ್ಟೆಕಿಚ್ಚಾದದ್ದು ನಾಯಿಯ ಮೇಲಲ್ಲ, ನನ್ನ ಹೆಂಡತಿ ಶರಣಮ್ಮನ ಮೇಲೆ. ಏಕೆಂದರೆ ನಮ್ಮಿಬ್ಬರಲ್ಲಿ ನಾಯಿ ಎಂದರೆ ಪ್ರಾಣ ಬಿಡುವ ‘ನಾಯಿ ಮಂದಿ’ಗೆ ಸೇರಿದವನು ನಾನು. ಅಂಗಡಿಯ ಗಾದಿಯ ಮೇಲೆ ಕುಳಿತು ಬಂದ ಗಿರಾಕಿಗಳಿಗೆಲ್ಲ ಸೀರೆ ಬಿಚ್ಚಿ ತೋರಿಸುತ್ತಲೇ ನಾಯಿಯ ನಿಷ್ಠೆಯ ಬಗ್ಗೆ ಪ್ರವಚನ ಮಾಡುತ್ತ ಬಂದವನು, ಮೊಬೈಲಿನಲ್ಲಿ ಯಾರ್‍ಯಾರದೋ ನಾಯಿಮರಿಗಳ ಚಿತ್ರ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವವನು. ಅವಳಾದರೋ ಹುಮನಾಬಾದಿನ ಮಡಿವಂತ ತವರಿನವಳು; ಬೆಳಗಿನ ಲಿಂಗಪೂಜೆಯಾದ ಮೇಲೆ ನಾಯಿ ಸೋಕಿದರೆ ಇನ್ನೊಮ್ಮೆ ಮೈ ತೊಳೆಯುತ್ತಿದ್ದವಳು.

ನಾಯಿ ಬಂದದ್ದು ಕಬ್ಬಿನ ಹಂಗಾಮಿನಲ್ಲಿ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಇಳಿಸಿ ತಿರುಗಿ ಬಂದ ಯಾವುದೋ ಟ್ರ್ಯಾಕ್ಟರಿನ ಹಿಂದೆ ಬಂದು ನಮ್ಮ ಓಣಿಯಲ್ಲಿ ಉಳಿದುಕೊಂಡಿತೆಂದು ಜನ ಹೇಳುತ್ತಾರೆ. ಮೈ ಬೆಲ್ಲದ ಬಣ್ಣದ್ದು, ಒಂದು ಕಿವಿ ಹರಿದದ್ದು. ಕೋಟೆಯ ಊರಿಗೆ ಒಪ್ಪಲೆಂದು ನಾನು ಅದಕ್ಕೆ ಸುಲ್ತಾನ್ ಎಂದು ಹೆಸರಿಟ್ಟು, ಬೆಣ್ಣೆ ಬಿಸ್ಕತ್ತು ಹಿಡಿದು, ಸಂಜೆ ಕಟ್ಟೆಯ ಮೇಲೆ ಕುಳಿತು ಕರೆದೆ. ಅದು ಬಿಸ್ಕತ್ತನ್ನು ತಿಂದಿತು, ಸುಲ್ತಾನಗಿರಿಯನ್ನು ಒಪ್ಪಿಕೊಳ್ಳಲಿಲ್ಲ.

ಶರಣಮ್ಮ ಅದಕ್ಕೆ ಹೆಸರಿಡಲಿಲ್ಲ. ಅಡುಗೆಮನೆಯ ಹಿಂಬಾಗಿಲಿಗೆ ಅದು ಮೂತಿ ತೂರಿಸಿದಾಗೆಲ್ಲ ಕಸಬರಿಗೆ ಎತ್ತಿ, "ಹಚಾ!" ಎನ್ನುತ್ತಿದ್ದಳು. ನಾಯಿಯನ್ನು ಅಟ್ಟಲು ನಮ್ಮ ಕಡೆ ಎಲ್ಲರೂ ಅನ್ನುವ ಮಾತೇ ಅದು. ಆದರೆ ಹೋಗದ ಪ್ರಾಣಿಯನ್ನು ಹೇಗಾದರೂ ಸಾಗಹಾಕಬೇಕೆಂದು, ಬೈದ ಬೆನ್ನಿಗೇ ಕೊನೆಯ ರೊಟ್ಟಿಯಲ್ಲಿ ಒಂದು ಚೂರು ಮುರಿದು ಅಂಗಳಕ್ಕೆ ಎಸೆಯುತ್ತಿದ್ದಳು. ನಾಯಿಗೆ ನಮ್ಮ ವ್ಯಾಕರಣ ಗೊತ್ತಿಲ್ಲವಲ್ಲ. ಮೊದಲು ಹಚಾ, ಆಮೇಲೆ ರೊಟ್ಟಿ, ಅಂದಮೇಲೆ ಹಚಾ ಎಂದರೆ ಬಾ, ಉಣ್ಣು ಎಂದೇ ಅದು ಅರ್ಥ ಮಾಡಿಕೊಂಡಿತು. ಚೂರು ಅರ್ಧವಾಯಿತು, ಅರ್ಧ ಇಡಿಯಾಯಿತು. ಬಸಪ್ಪ ಪ್ರೀತಿಯಲ್ಲಿ ಬಸ್ಯಾ ಆಗುವಂತೆ ಅವಳ ಹಚಾ ಕೂಡ ಅವಳಿಗೇ ತಿಳಿಯದೆ ಹಚ್ಯಾ ಆಯಿತು. ಹೀಗೆ ನನ್ನ ರೊಟ್ಟಿಯೂ ಹೋಯಿತು, ನನ್ನ ನಾಯಿಯೂ ಹೋಯಿತು.

ಮನುಷ್ಯರು ನಾಯಿ ಮಂದಿಯಾಗುವುದು ಹೇಗೆ ಎಂದು ಆಗ ನಾನು ಗಾದಿಯ ಮೇಲೆ ಕುಳಿತು ಬಹಳ ಯೋಚಿಸಿದೆ. ಮಂಠಾಳದ ದಾರಿಯಲ್ಲಿ ಕುರಿ ಹಿಂಡಿನ ಜೊತೆ ಹೋಗುವವರನ್ನು ನೋಡಿದ್ದೇನೆ. ತಾವು ಕುಳಿತಲ್ಲೇ ನಾಯಿಗೂ ಮುರಿದು ಹಾಕುತ್ತಾರೆ, ಬೈಯುತ್ತಾರೆ, ಎದ್ದು ನಡೆಯುತ್ತಾರೆ, ನಮಗೆ ನಾಯಿ ಎಂದರೆ ಪ್ರಾಣ ಎಂದು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳುವವರು ನನ್ನಂಥವರು. ನನಗೆ ಬೇಕಾಗಿದ್ದದ್ದು ನಾನು ಕರೆದಾಗ ನಾಲ್ಕು ಜನ ನೋಡುವಂತೆ ಓಡಿಬರುವ ಒಂದು ನಾಯಿ. ಶರಣಮ್ಮನಿಗೆ ಯಾವ ನಾಯಿಯೂ ಬೇಕಾಗಿರಲಿಲ್ಲ, ಈ ಒಂದು ಮಾತ್ರ ಹೇಗೋ ಒಳಗೆ ಬಂದುಬಿಟ್ಟಿತ್ತು. ಇಷ್ಟು ತತ್ವ ತಿಳಿದ ಮೇಲೆ ಹೊಟ್ಟೆಯ ಕಿಚ್ಚು ಆರಬೇಕಿತ್ತು, ಆರಲಿಲ್ಲ.

ಆರದಿರಲು ಇನ್ನೊಂದು ಕಾರಣವಿತ್ತು. ರೊಟ್ಟಿ ತಟ್ಟುತ್ತ ಅವಳು ಹಚ್ಯಾನೊಡನೆ ಮಾತಾಡುತ್ತಿದ್ದಳು. ಹಾಲಿನವನು ನೀರು ಬೆರೆಸಿದ್ದು, ತನ್ನ ಮೊಣಕಾಲು ಹಿಡಿದುಕೊಂಡದ್ದು, ಚಿಟಗುಪ್ಪದ ಬೀಗರು ಫೋನು ಮಾಡಿ ಸಣ್ಣ ಮಾತಾಡಿದ್ದು, ಎಲ್ಲ ಸುದ್ದಿಯೂ ಮೊದಲು ನಾಯಿಯ ಕಿವಿಗೆ, ಉಳಿದರೆ ನನಗೆ. ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಇಷ್ಟು ವರ್ಷವೂ ನಾನು ಅವಳಿಗೆ "ಏನ್ರಿ", "ಇಲ್ಲಿ ನೋಡ್ರಿ" ಆಗಿಯೇ ಉಳಿದವನು. ಅಂಥದರಲ್ಲಿ ಬೀದಿಯಿಂದ ಬಂದ ನಾಯಿಗೊಂದು ಹೆಸರು, ಆ ಹೆಸರಿನ ಕೊನೆಯಲ್ಲಿ ಎಳೆದ ಒಂದು ಮುದ್ದು! ಹೊಟ್ಟೆಕಿಚ್ಚು ಹೆಂಡತಿಯಿಂದ ನಾಯಿಗೆ ಹೊರಳಿದ್ದು ಆವಾಗ.

ಇಷ್ಟರಲ್ಲಿ ಹುಮನಾಬಾದಿನಲ್ಲಿ ಅವಳ ತಂಗಿಯ ಬಸುರಿ ಮಗಳ ಕುಬಸ ಬಂತು. ಉಂಡಿ ಕಟ್ಟಲು, ಕರ್ಚಿಕಾಯಿ ಕರಿಯಲು ಅಕ್ಕ ಮುಂಚಿತವಾಗಿಯೇ ಬರಬೇಕೆಂದು ಕರೆಯೂ ಬಂತು. ಅವಳನ್ನು ಬಸ್ಸಿಗೆ ಹತ್ತಿಸಿ ಬರುವಾಗ ನನಗೆ ಒಳಗೊಳಗೇ ಖುಷಿ. ಮೈದಾನ ಖಾಲಿಯಾಗಿದೆ, ನಾಯಿಯನ್ನು ಗೆದ್ದುಕೊಳ್ಳಲು ಇದೇ ಸಮಯ ಎಂದು ಹಾಲು ಕಾಯಿಸಿದೆ, ಬಿಸ್ಕತ್ತು ತಂದೆ, ಖಾನಾವಳಿಯ ರೊಟ್ಟಿ ಕಟ್ಟಿಸಿ ತಂದೆ. ಅದು ಯಾವುದನ್ನೂ ಮೂಸಲಿಲ್ಲ. ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ, ಬಸ್ ನಿಲ್ದಾಣದ ದಾರಿಗೆ ಮುಖ ಮಾಡಿ ಮಲಗಿತು.

ಫೋನಿನಲ್ಲಿ ಅವಳ ಮೊದಲ ಮಾತೇ, "ಹಚ್ಯಾ ಉಂಡದೇನ್ರಿ?"

"ನಾನೂ ಉಂಡಿಲ್ಲ," ಎಂದೆ ಸಿಟ್ಟಿನಿಂದ.

"ನಿಮಗೇನ್ರಿ, ಖಾನಾವಳಿ ಅದ. ಪಾಪ, ಅದಕ್ಕ ಯಾರದಾರ?"

ಮಾನ ಬಿಟ್ಟು ಕೊನೆಗೆ ನಾನೂ ಅವಳು ಕರೆಯುವ ಹೆಸರಿನಿಂದಲೇ ನಾಯಿಯನ್ನು ಕರೆಯಲು ಹೋದೆ. ಓಣಿಯಲ್ಲಿ ಯಾರೂ ಇಲ್ಲದ್ದು ನೋಡಿ, ರೊಟ್ಟಿ ಮುಂದೆ ಹಿಡಿದು, ಗಂಟಲು ಸರಿಮಾಡಿಕೊಂಡೆ. ಆದರೆ ಒಳಗಿದ್ದ ಉರಿಯೆಲ್ಲ ನಾಲಿಗೆಗೆ ಬಂದು ಬಾಯಿಂದ ಹೊರಟದ್ದು "ಹಚಾ!" ಒಂದು ಯಕಾರದ ಒತ್ತು ಬಿಟ್ಟುಹೋಗಿತ್ತು, ಅಷ್ಟೇ. ನಾಯಿ ತಲೆ ಎತ್ತಿ ನನ್ನನ್ನು ನೋಡಿತು, ಬಾಲ ಮುದುರಿ ಮೆಟ್ಟಿಲಿಳಿಯಿತು, ಎದುರು ಮನೆಯವರ ಬಂಡಿಯ ಕೆಳಗೆ ಹೋಗಿ ಮಲಗಿತು. ಅಲ್ಲಿಂದಲೂ ಮುಖ ಮಾತ್ರ ಅದೇ ದಾರಿಯ ಕಡೆಗೆ. ಅದು ಬಿಟ್ಟುಹೋದ ಮೆಟ್ಟಿಲ ಮೇಲೆ ನಾನು ಕುಳಿತೆ. ಸಂಜೆಯಾಗುವವರೆಗೂ ನಾನೂ ಅದೇ ದಾರಿಯನ್ನೇ ನೋಡುತ್ತ ಕುಳಿತಿದ್ದೇನೆಂಬುದು ಎದ್ದಾಗಷ್ಟೇ ತಿಳಿಯಿತು.

ಕುಬಸದ ದಿನ ಅಂಗಡಿಗೆ ಬೀಗ ಹಾಕಿ ಹುಮನಾಬಾದಿನ ಬಸ್ಸು ಹತ್ತಿದೆ. ಮಾರನೆಯ ದಿನ ಅವಳೇ ಬರುವವಳಿದ್ದಳು. ಕಾಯುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ನನ್ನನ್ನು ಕಂಡದ್ದೇ ಶರಣಮ್ಮ ಬಸುರಿಗೆ ಉಡಿ ತುಂಬುತ್ತಿದ್ದ ಹೆಂಗಸರ ಗುಂಪಿನಿಂದ ಎದ್ದು ಬಂದು ಪಡಸಾಲೆಯ ಕಂಬದ ಬಳಿ ನಿಲ್ಲಿಸಿಕೊಂಡಳು.

"ಹಿಂಗ ಯಾಕ ಓಡಿ ಬಂದ್ರಿ? ಖರೇ ಹೇಳ್ರಿ, ನನ್ನ ಸಲುವಾಗಿ ಬಂದೀರೋ, ಹಚ್ಯಾನ ಸಲುವಾಗಿ ಬಂದೀರೋ?"

ನಾಯಿಗಾಗಿ ಎಂದರೆ ಅವಳ ಮುಖ ಸಪ್ಪಗಾಗುತ್ತಿತ್ತು. ನಿನಗಾಗಿ ಎನ್ನಲು ಈ ವಯಸ್ಸಿನಲ್ಲಿ, ಸುತ್ತ ನೆರೆದ ಬೀಗರ ಮುಂದೆ ನಾಚಿಕೆ. ಎರಡೂ ನಿಜವೇ ಆಗಿತ್ತು.

"ಮನ್ಯಾಗ ಇಬ್ಬರೂ ಉಪಾಸ ಅದೀವಿ," ಎಂದೆ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಊಟ ಮುಗಿದದ್ದೇ ತಂಗಿಗೆ ಏನೋ ಹೇಳಿ ಚೀಲ ಕೈಗೆತ್ತಿಕೊಂಡಳು. ನಾವು ಓಣಿಗೆ ಕಾಲಿಡುವಷ್ಟರಲ್ಲಿ ಬಂಡಿಯ ಕೆಳಗಿನಿಂದ ಬೆಲ್ಲದ ಬಣ್ಣದ್ದೊಂದು ಹಾರಿ ಬಂತು. "ಹಚಾ! ಹಚಾ! ಹೊಸ ಸೀರಿ ಅದ!" ಎಂದು ಅವಳು ಕೂಗಿದಷ್ಟೂ ಅದು ಮತ್ತಷ್ಟು ಮೈಮೇಲೆ ಬಿತ್ತು. ನನ್ನ ಕಡೆ ಒಮ್ಮೆ ನೋಡಿ, ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು. ನಾನು ಅದನ್ನೂ ಸಣ್ಣ ಮನಸ್ಸಿನಿಂದ ಅಳೆದೆ: ಅವಳಿಗೆ ಇಡೀ ಮೈ, ನನಗೆ ತುದಿ ಮಾತ್ರ.

ಮಾರನೆಯ ಬೆಳಿಗ್ಗೆ ಹಿಂಬಾಗಿಲಿನ ಬಳಿ ಹಲ್ಲುಜ್ಜಿ ನಿಂತಿದ್ದೆ. ನಾಯಿ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ನಿದ್ದೆ ಹೋಗಿತ್ತು. ಒಳಗೆ ತಟ್ಟುವ ಸಪ್ಪಳ ಮುಗಿಯುತ್ತ ಬಂತು. ಪರಾತದ ಅಂಚು ಬಳಿಯುವ ಸದ್ದು ಕೇಳಿತು. ಸುಟ್ಟ ಜೋಳದ ಆ ಹಳೆಯ ವಾಸನೆಗೆ ನನ್ನ ಕಾಲುಗಳು ತಾವಾಗಿಯೇ ಹೊಸ್ತಿಲು ದಾಟಿದವು. ಒಲೆಯ ಕಡೆ ಮುಖ ಮಾಡಿ ಕುಳಿತಿದ್ದ ಶರಣಮ್ಮ ಬೆನ್ನ ಹಿಂದಿನ ಸದ್ದಿಗೆ ತಿರುಗಿ ನೋಡಲಿಲ್ಲ.

"ಹಚ್ಯಾ, ಬಂದ್ಯಾ?" ಎಂದಳು, ನಾನು ಈ ತನಕ ಬಾಗಿಲ ಆಚೆಯಿಂದಷ್ಟೇ ಕೇಳಿದ್ದ ದನಿಯಲ್ಲಿ. "ಜರಾ ತಡಿ ನನ್ನಪ್ಪಾ, ಸುಡಾಕತ್ತದ."

ನಾನಲ್ಲ, ನಾಯಿ ಅಂಗಳದಲ್ಲಿ ಮಲಗಿದೆ ಎಂದು ತಿದ್ದಬಹುದಿತ್ತು. ಆದರೆ ಮದುವೆಯಾದಂದಿನಿಂದ ಇದೇ ಮೊದಲ ಸಲ ಅವಳು ನನ್ನನ್ನು ಒಂದು ಹೆಸರು ಹಿಡಿದು ಕರೆದಿದ್ದಳು. ಅವಳ ಬೆನ್ನ ಹಿಂದೆ ರೊಟ್ಟಿಗೆ ಕೈಚಾಚಿಕೊಂಡು ನಿಂತು, "ಓ" ಎಂದೆ.