ಕಾರ್ಪೆಟ್ಟಿನ ಕೆಳಗಿನ ಹಲಗೆ

ನಾಗಮಂಗಲದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಮುಂಬಾಗಿಲಿಗೆ ನಾಲ್ಕು ಮೆಟ್ಟಿಲು. ವಿಶ್ವವಿದ್ಯಾಲಯ ತನ್ನ ಐದು ವರ್ಷದ ಯೋಜನೆಗೆ ಎಲ್ಲ ಕಾಲೇಜುಗಳಿಂದ ಮಾಹಿತಿ ಕೇಳಿದಾಗ, ‘ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ಅವಕಾಶ’ ಎಂಬ ಅಧ್ಯಾಯ ನನ್ನ ಪಾಲಿಗೆ ಬಂತು. ಗಾಲಿಕುರ್ಚಿ ಹತ್ತುವ ಇಳಿಜಾರು ದಾರಿ ಇದೆಯೇ ಎಂಬ ಸಾಲಿನ ಮುಂದೆ ‘ಇದೆ’ ಎಂದು ಬರೆದೆ. ಮುಂದಿನ ವರ್ಷ ಹೇಗೂ ಕಟ್ಟಿಸುತ್ತಾರಲ್ಲ ಎಂದುಕೊಂಡೆ.

ಅದನ್ನು ನೋಡಲು ವಿಶ್ವವಿದ್ಯಾಲಯದಿಂದ ಮೂವರು ಬರುತ್ತಾರೆಂದು ಪತ್ರ ಬಂತು. ಶಾಮಿಯಾನದವರಿಂದ ಎರಡು ಹಲಗೆ ತರಿಸಿ ಮೆಟ್ಟಿಲಿಗೆ ಒರಗಿಸಿದೆವು. ಮೇಲೆ ಮದುವೆಗೆ ಹಾಸುವ ಕೆಂಪು ಕಾರ್ಪೆಟ್ಟು.

“ನಡುವೆ ಸಂದು ಬಿಟ್ಟೈತಲ್ಲೋ,” ಎಂದೆ.

“ಬುಡಿ ಸಾ, ಅವ್ರೇನ್ ಕಾರ್ಪೆಟ್ ಎತ್ತಿ ನೋಡಾರಾ? ಬೀಗ್ರು ಬಂದಂಗೆ ಬತ್ತಾರೆ, ಉಂಡ್ಕಂಡ್ ಓಯ್ತಾರೆ,” ಎಂದ ಜವಾನ. ಇಬ್ಬರೂ ನಕ್ಕೆವು.

ನಮ್ಮಲ್ಲಿ ಗಾಲಿಕುರ್ಚಿಯಲ್ಲಿ ಬರುವವಳು ಒಬ್ಬಳೇ, ಸಂತೆಬಾಚಹಳ್ಳಿ ಕಡೆಯ ಹುಡುಗಿ. ದಿನಾ ಅವಳ ತಾಯಿ ಅವಳನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಅತಿಥಿಗಳೆದುರು ಕುರ್ಚಿಯಲ್ಲೇ ಹತ್ತಲಿ ಎಂದವನು ನಾನು.

“ಗಟ್ಟಿ ಐತಾ ಸಾ?” ಅವರು ಬಂದ ದಿನ ಕೆಳಗಿನಿಂದ ಕೇಳಿದಳು.

“ಐತೆ ಕಣಮ್ಮ, ಬಾ.”

ಅರ್ಧ ಹತ್ತಿದ್ದಳು. ಗಾಲಿ ಸಂದಿಗೆ ಇಳಿಯಿತು, ಕುರ್ಚಿ ಪಕ್ಕಕ್ಕೆ ವಾಲಿತು. ಅವಳ ತಲೆ ಚರಂಡಿಯ ಕಲ್ಲಂಚಿನ ಕಡೆಗೆ ಹೋಗುತ್ತಿದ್ದುದು ನನಗೆ ಸ್ಪಷ್ಟವಾಗಿ ಕಂಡಿತು. ಈಗಲೂ ಪಾಠದ ನಡುವೆ ಅದೇ ಕಾಣುತ್ತದೆ. ನಾನು ಇದ್ದದ್ದು ಎರಡು ಹೆಜ್ಜೆ ದೂರದಲ್ಲಿ. ಎದೆಗೊತ್ತಿ ಹಿಡಿದಿದ್ದ ಯೋಜನೆಯ ಫೈಲನ್ನು ನನ್ನ ಕೈ ಬಿಡಲಿಲ್ಲ. ತಾಯಿ ಹಾರಿ ಬಂದು ಕುರ್ಚಿಗೆ ಭುಜ ಕೊಟ್ಟು ಅವಳನ್ನು ಉಳಿಸಿಕೊಂಡರು. ಅವರ ಮೊಣಕೈ ಹರಿದು ರಕ್ತ ಸುರಿಯಿತು.

“ನಾನೇ ಎತ್ಕತಿದ್ನಲ್ಲ ಸಾ,” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿ ಒಂದು ವಾರ ಬರಲಿಲ್ಲ. ‘ಇದೆ’ ಎಂಬುದನ್ನು ಹೊಡೆದು ‘ಇಲ್ಲ’ ಎಂದು ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ಪ್ರಿನ್ಸಿಪಾಲರು ಮಾತು ಬಿಟ್ಟರು. ಆಮೇಲೆ ಅವಳ ಮನೆಗೆ ಹೋಗಿ, ನಾನು ಸುಳ್ಳು ಬರೆದಿದ್ದೆ ಎಂದು ಹೇಳಿ, ಓದು ಬಿಡಬೇಡ ಎಂದು ಕೇಳಿಕೊಂಡೆ.

“ಬತ್ತೀನಿ ಸಾ. ಅವ್ವ ಎತ್ಕತದೆ. ನೀವ್ ಮಾತ್ರ ಬಾ ಅನ್ಬ್ಯಾಡಿ.”

ಈಗ ಅವರು ಬರುವ ಹೊತ್ತಿಗೆ ನಾನು ಸ್ಟಾಫ್ ರೂಮಿನಿಂದ ಹೊರಬರುವುದಿಲ್ಲ. ಆ ತಾಯಿಯ ಭಾರದ ಹೆಜ್ಜೆಗಳನ್ನು ಒಳಗೇ ಕೂತು ಎಣಿಸುತ್ತೇನೆ, ನಾಲ್ಕೂ ಮುಗಿಯುವವರೆಗೆ.