ಗೇಟಿನ ಪಕ್ಕದ ಕಲ್ಲು ಮತ್ತು ಕಣಗಿಲೆ

ಜಕ್ಕೂರಿನ ನಮ್ಮ ಮನೆಯ ಗೇಟಿನ ಪಕ್ಕ ಒಂದು ಚಪ್ಪಡಿ ಕಲ್ಲಿದೆ. ಬೆಳಿಗ್ಗೆ ತರಕಾರಿ ಸಿಪ್ಪೆ, ಸೊಪ್ಪಿನ ದಂಟು ಅದರ ಮೇಲೆ ಇಡುತ್ತಿದ್ದೆವು. ಹಿಂದಿನ ಬೀದಿಯ ಅಜ್ಜಿ ತಮ್ಮ ಹಸುವನ್ನು ತಂದು ಅಲ್ಲಿ ನಿಲ್ಲಿಸುತ್ತಿದ್ದರು. ಕಲ್ಲಿನ ಮೇಲೆ ಇದ್ದದ್ದು ಹಸುವಿಗೆ. ಇದನ್ನು ನಮ್ಮ ಬೀದಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಸುವಿಗೂ ಗೊತ್ತಿತ್ತು.

ಅಜ್ಜಿಯ ಮಕ್ಕಳು ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿದ್ದಾರೆ. ಎರಡು ಕಟ್ಟಡಗಳ ನಡುವೆ ಉಳಿದ ಕೊಟ್ಟಿಗೆಯಲ್ಲಿ ಇದೊಂದೇ ಹಸು. ಇದು ನಡೆದಾಗ ಅದು ಗಬ್ಬವಾಗಿತ್ತು, ದಿನ ತುಂಬುತ್ತಿತ್ತು.

ಕಣಗಿಲೆ ಇದ್ದದ್ದು ನಮ್ಮ ಕಾಂಪೌಂಡಿನೊಳಗೆ. ಅಮ್ಮನ ಸೋಮವಾರದ ಪೂಜೆಗೆ ಅದರ ಹೂವೇ ಆಗಬೇಕು. ಎಲೆ, ಕಾಂಡ, ರಸ ಎಲ್ಲವೂ ವಿಷ, ತೆಗೆಸೋಣ ಎಂದು ನಾನು ಹೇಳಿದ್ದೆ. "ಅದನ್ನ ತಿನ್ನೋರು ಯಾರಿದಾರೆ ಈ ಮನೇಲಿ?" ಎಂದು ಅಮ್ಮ ಕೇಳಿದ್ದರು. ಗಿಡ ಉಳಿಯಿತು. ಕೊಂಬೆ ರಸ್ತೆಗೆ ಚಾಚಿದಾಗ ಕತ್ತರಿಸಿ, ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುವ ಕೆಲಸ ಅಪ್ಪನದು.

ಆ ಬೆಳಿಗ್ಗೆ ಅಪ್ಪ ಕೊಂಬೆಗಳನ್ನು ಕತ್ತರಿಸಿ, ಕಲ್ಲಿನ ಮೇಲಿಟ್ಟು, ಚೀಲ ತರಲು ಒಳಗೆ ಹೋದರು. ಚೀಲ ಬೇಗ ಸಿಗಲಿಲ್ಲ. ನಾನು ಬಾಲ್ಕನಿಗೆ ಬಂದಾಗ ಹಸು ಅಗಿಯುತ್ತಿತ್ತು, ಹಗ್ಗ ಹಿಡಿದ ಅಜ್ಜಿ ಬೇರೆ ಕಡೆ ನೋಡುತ್ತಿದ್ದರು. ಅದರ ಕಾಲ ಬಳಿ ಕಣಗಿಲೆ ಹೂ ಬಿದ್ದಿದ್ದವು.

"ಅಜ್ಜೀ, ಹಗ್ಗ ಎಳೀರಿ! ಕಣಗಿಲೆ ಅದು!"

ಅಜ್ಜಿ ಎಳೆದರು. ಹಸುವಿನ ಬಾಯಿಗೆ ಕೈ ಹಾಕಿ ಸಿಕ್ಕಷ್ಟು ಎಲೆ ಹೊರಗೆ ತೆಗೆದರು. ಎಷ್ಟು ನುಂಗಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ದನದ ಡಾಕ್ಟರಿಗೆ ಫೋನ್ ಮಾಡಿದೆ. "ಬರ್ತೀನಿ. ಒಂದು ಹೆಜ್ಜೆನೂ ನಡೆಸಬೇಡಿ. ಹೃದಯಕ್ಕೆ ಹೊಡೆಯೋ ವಿಷ ಅದು," ಎಂದರು. ಕೊಟ್ಟಿಗೆಗೆ ಕರೆದೊಯ್ಯುವಂತಿರಲಿಲ್ಲ. ಹಸುವನ್ನು ನಮ್ಮ ಗೇಟಿಗೇ ಕಟ್ಟಿದೆವು. ಅಮ್ಮ ನೆರಳಿಗೆ ಹಳೇ ಸೀರೆ ಕಟ್ಟಿದರು.

ಅಜ್ಜಿಯ ದೊಡ್ಡ ಮಗ ಬೈಕಿನಲ್ಲಿ ಬಂದ. "ಏನ್ ಸಾರ್, ದಿನಾ ಸಿಪ್ಪೆ ಹಾಕಿದ್ದು ಇದಕ್ಕೇನಾ?"

ಅಪ್ಪ ಗೇಟಿನ ಬಳಿ ನಿಂತಿದ್ದರು. ತಡವಾಗಿ ಸಿಕ್ಕಿದ ಚೀಲ ಅವರ ಕೈಯಲ್ಲೇ ಇತ್ತು.

"ಸುಮ್ಕಿರ್ಲಾ. ಬೇಕೂಂತ ಆಕವ್ರಾ ಅವ್ರು?" ಎಂದು ಅಜ್ಜಿ ಮಗನನ್ನು ಗದರಿಸಿದರು. ಆಮೇಲೆ ಅಪ್ಪನ ಕಡೆ ನೋಡದೆ ಹೇಳಿದರು, "ಆದ್ರೂ ಸ್ವಾಮಿ, ಈ ಕಲ್ ಮ್ಯಾಲೆ ಇಟ್ಬುಟ್ರಲ್ಲ."

ಡಾಕ್ಟರು ಬಂದು, ವಿಷ ಹೀರುವ ಇದ್ದಿಲ ಪುಡಿಯನ್ನು ನೀರಲ್ಲಿ ಕಲಸಿ ಕೊಳವೆಯಿಂದ ಹೊಟ್ಟೆಗೆ ಇಳಿಸಿದರು. ಇಂಜೆಕ್ಷನ್ ಕೊಟ್ಟರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಬಡಿತ ತಪ್ತಾ ಇದೆ. ಕಾಯ್ಬೇಕು."

"ಕರು?" ಅಜ್ಜಿ ಕೇಳಿದರು.

"ಮೊದ್ಲು ತಾಯಿ ಉಳೀಲಿ."

ಹತ್ತಿರದ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ತರಬೇತಿ ವಿಮಾನ ಮನೆ ಮೇಲೆ ಹಾದಾಗಲೆಲ್ಲ ಹಸು ಕಿವಿ ಅಲ್ಲಾಡಿಸುತ್ತಿತ್ತು. ನಾವು ಆ ಕಿವಿ ಅಲ್ಲಾಡುವುದನ್ನೇ ಕಾಯತೊಡಗಿದೆವು. ಮಧ್ಯಾಹ್ನ ಒಂದು ವಿಮಾನ ಹೋಯಿತು, ಕಿವಿ ಅಲ್ಲಾಡಲಿಲ್ಲ. ಮಗ ಎದ್ದು ನಿಂತ. ಅಜ್ಜಿ ಹಸುವಿನ ಕತ್ತಿನ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದರು. ಅಮ್ಮ ತಂದ ಕಾಫಿಯನ್ನು ಇಬ್ಬರೂ ಮುಟ್ಟಲಿಲ್ಲ.

ಬಿಸಿಲು ಇಳಿದ ಮೇಲೆ ಹಸುವಿನ ದವಡೆ ನಿಧಾನವಾಗಿ ಆಡಿತು.

"ಮೆಲುಕಾಕ್ತು," ಎಂದರು ಅಜ್ಜಿ. ಕಲ್ಲಿನ ಮೇಲೆ ಕುಸಿದು ಕೂತರು. "ಈಗ ಕೊಡವ್ವ ನಿನ್ ಕಾಪಿ."

ಡಾಕ್ಟರ ಮಾತಿನಂತೆ ಹಸು ಮಾರನೆಯ ದಿನದವರೆಗೂ ಅಲ್ಲೇ ಇದ್ದು, ಆಮೇಲೆ ಮನೆಗೆ ನಡೆಯಿತು. ಅದು ಹೋದ ಮೇಲೆ ಅಮ್ಮ ಯಾರನ್ನೂ ಕೇಳದೆ ಹಾರೆ ತೆಗೆದುಕೊಂಡರು. ಬೇರು ಸಮೇತ ತೆಗೆದ ಗಿಡವನ್ನು ಅಪ್ಪ ಅಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಅಲ್ಲೀಗ ದಾಸವಾಳ ಇದೆ.

ಕರು ಹುಟ್ಟಿತು, ಚೆನ್ನಾಗಿದೆ. ಅಜ್ಜಿ ಗಿಣ್ಣು ಕಳಿಸಿದರು. ಈಗಲೂ ಹಸು ಕಲ್ಲಿನ ಕಡೆಗೆ ಕತ್ತು ಎಳೆಯುತ್ತದೆ. ಅಜ್ಜಿ ಹಗ್ಗ ಗಿಡ್ಡ ಮಾಡಿ ಹಿಡಿಯುತ್ತಾರೆ. ಸಿಪ್ಪೆಯನ್ನು ನಾವು ಬಕೆಟ್ಟಿನಲ್ಲಿ ಅವರ ಕೈಗೇ ಕೊಡುತ್ತೇವೆ. ಅವರು ತಳದವರೆಗೆ ಕೈಯಾಡಿಸಿ ನೋಡಿ, ಆಮೇಲೆ ಹಸುವಿನ ಮುಂದಿಡುತ್ತಾರೆ. ಅವರು ನೋಡಿ ಮುಗಿಸುವವರೆಗೆ ಅಮ್ಮ ಗೇಟಿನಲ್ಲೇ ನಿಂತಿರುತ್ತಾರೆ.